ಕಿಟಕಿಯ ಕೆಳಗೆ ಕಿತ್ತಳೆ ಹೂ

"ಬಿಸಿಲು ಎಷ್ಟು ಹೊತ್ತು ಬೀಳತ್ತೆ?" ಗಿಡ ಮಾರುವ ಊಮ್ ಸ್ಟೊಫಲ್, ಅಂದರೆ ಸ್ಟೊಫಲ್ ಮಾಮ, ಕೇಳಿದರು.

"ಇಡೀ ದಿನ," ಅಂದಳು ಲಿಯೋನಿ.

"ಮಣ್ಣು ಹೇಗಿದೆ?"

"ಮಣ್ಣೆಲ್ಲಿದೆ ಊಮ್? ಬರೀ ಮರಳು."

"ನೀರು ಹಾಕೋರು ಯಾರು?"

"ನಾನೇ."

ಊಮ್ ಸ್ಟೊಫಲ್ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಹತ್ತು ವರ್ಷದ ಹುಡುಗಿ, ಕಾಲಿಗೆ ಹವಾಯಿ ಚಪ್ಪಲಿ, ಕೈಯಲ್ಲಿ ನೇರಳೆ ಬಣ್ಣದ ಪೆಟೂನಿಯಾ ಗಿಡ. ಅವರು ಮೆಲ್ಲಗೆ ಆ ಪೆಟೂನಿಯಾವನ್ನು ಅವಳ ಕೈಯಿಂದ ತೆಗೆದು ಮತ್ತೆ ಅದರ ಜಾಗದಲ್ಲೇ ಇಟ್ಟರು.

"ಇದು ರಾಣಿ. ದಿನಾ ಸೇವೆ ಮಾಡ್ಬೇಕು. ನೀನು ಒಂದು ವಾರ ಮಾಡ್ತೀಯ, ಎರಡನೇ ವಾರ ಮರೀತೀಯ. ನಿಂಗೆ ಮರೆತರೂ ಬದುಕೋ ಗಿಡ ಕೊಡ್ತೀನಿ, ಬಾ."

ಲಿಯೋನಿ ಮುಖ ಊದಿಸಿಕೊಂಡಳು. ಆದರೆ ಊಮ್ ಸ್ಟೊಫಲ್ ಹೇಳಿದ್ದು ಸುಳ್ಳೇನಲ್ಲ. ಅವಳು ಸಾಕಿದ್ದ ಎರಡು ಮೀನುಗಳನ್ನು ಕೇಳಿದ್ದರೆ ಅವೂ ಅದನ್ನೇ ಹೇಳುತ್ತಿದ್ದವು.

ಶನಿವಾರ ಬಂತೆಂದರೆ ಊಮ್ ಸ್ಟೊಫಲ್ ತಮ್ಮ ಹಳೇ ಪಿಕಪ್ ಗಾಡಿಯನ್ನು ಟ್ಯಾಕ್ಸಿ ಸ್ಟ್ಯಾಂಡಿನ ಪಕ್ಕ ನಿಲ್ಲಿಸುತ್ತಾರೆ. ಹಿಂದಿನ ಬಾಗಿಲು ಇಳಿಸಿದರೆ ಅದೇ ಅಂಗಡಿ. ಹಾಲಿನ ಡಬ್ಬ, ಜಾಮಿನ ಡಬ್ಬ, ಮೊಸರಿನ ಕಪ್ಪು, ಎಲ್ಲದರಲ್ಲೂ ಒಂದೊಂದು ಗಿಡ. ಅವರು ನೆಲದ ಮೇಲೆ ಹರಡುವ ಗಿಡಗಳನ್ನೇ ಆರಿಸತೊಡಗಿದರು. ಮೊದಲು ಗಜಾನಿಯಾ, ಹಳದಿ ಪಟ್ಟಿಯದು. ಆಮೇಲೆ ಫೇಕಿ ಗಿಡದ ಒಂದು ಹಿಡಿ ಕಡ್ಡಿ. ಎಲೆಗಳು ದಪ್ಪಗೆ, ಒಳಗೆಲ್ಲ ನೀರು ತುಂಬಿಕೊಂಡು, ಬೆರಳಲ್ಲಿ ಒತ್ತಿದರೆ ಪಿಚ್ಚೆನ್ನುತ್ತಿದ್ದವು. ಕೊನೆಗೆ ಪೇಪರಿನ ಪೊಟ್ಟಣದಲ್ಲಿ ಕಿತ್ತಳೆ ಡೇಸಿಯ ಬೀಜ. ಬೀಜ ಅನ್ನುವುದಕ್ಕಿಂತ ಮೂಸಂಬಿ ಬಣ್ಣದ ಹೊಟ್ಟು ಅನ್ನಬೇಕು, ಅಷ್ಟು ಹಗುರ.

"ಹೂ ಹೆಂಗಿರತ್ತೆ ಊಮ್?"

"ಆಗಸ್ಟಲ್ಲಿ ಬಾ, ನೀನೇ ನಂಗೆ ಹೇಳು."

ಗಿಡದ ವಿಷಯ ಕೇಳಬೇಕಾದ್ದನ್ನೆಲ್ಲ ಊಮ್ ಸ್ಟೊಫಲ್ ಕೇಳಿದ್ದರು. ಬಿಸಿಲು, ಮಣ್ಣು, ನೀರು. ಆ ಹೂ ಯಾರಿಗೆ ಅಂತ ಮಾತ್ರ ಕೇಳಿರಲಿಲ್ಲ.

ಹೂ ಓಮಾ ದ್ರಿಕಾಗೆ. ಓಮಾ ಅಂದರೆ ಲಿಯೋನಿಯ ಅಪ್ಪನ ತಾಯಿ. ಓಮಾ ಇದ್ದದ್ದು ದೂರದ ನಮಾಕ್ವಾ ಸೀಮೆಯಲ್ಲಿ, ಬೆಟ್ಟದ ಬುಡದ ಒಂದು ಹಳ್ಳಿಯಲ್ಲಿ. ಫೆಬ್ರವರಿಯಲ್ಲಿ ತಮ್ಮ ಅಡುಗೆಮನೆಯಲ್ಲೇ ಕಾಲು ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆದ ಮೇಲೆ ಅಪ್ಪ ತನ್ನ ಲಾರಿಯಲ್ಲೇ ದಿಂಬುಗಳ ಮೇಲೆ ಕೂರಿಸಿಕೊಂಡು ತಮ್ಮೂರು ಅಟ್ಲಾಂಟಿಸ್‌ಗೆ ಕರೆತಂದ. ಮುಂದಿನ ಕೋಣೆ ಓಮಾದಾಯಿತು. ಕಿಟಕಿಯ ಪಕ್ಕ ಅವರ ಕುರ್ಚಿ. ಅಪ್ಪ ಮತ್ತೆ ಲಾರಿ ಹತ್ತಿ ಹೋದ; ಅವನು ಮನೆಗೆ ಬರುವುದು ಎರಡು ವಾರಕ್ಕೊಮ್ಮೆ.

ಓಮಾ ನಡೆಯಬೇಕು ಅಂತ ಆಸ್ಪತ್ರೆಯ ಸಿಸ್ಟರ್ ಖಡಾಖಂಡಿತವಾಗಿ ಹೇಳಿದ್ದರು. ನಡೆಯದಿದ್ದರೆ ಕಾಲು ಮರೆತೇ ಬಿಡುತ್ತದಂತೆ. ಹಿಡಿದುಕೊಂಡು ನಡೆಯಲು ನಾಲ್ಕು ಕಾಲಿನ ಅಲ್ಯೂಮಿನಿಯಂ ವಾಕರ್ ಬೇರೆ ಕೊಟ್ಟಿದ್ದರು. ಆದರೆ ಓಮಾ ಜಪ್ಪಯ್ಯ ಅಂದರೂ ಏಳುತ್ತಿರಲಿಲ್ಲ. ಬಚ್ಚಲಿಗೆ ಹೋಗಿ ಬಂದರೆ ಆ ದಿನದ ನಡಿಗೆ ಮುಗಿಯಿತು. ವಾಕರ್ ಮೇಲೆ ಟವೆಲ್ ಒಣಗುತ್ತಿತ್ತು.

"ಎಲ್ಲಿಗೆ ನಡೀಲಿ? ಅಡುಗೆಮನೆಗೆ ಹೋದ್ರೆ ಒಲೆ. ವಾಪಸ್ ಬಂದ್ರೆ ಇದೇ ಕುರ್ಚಿ. ಹೊರಗೆ ನೋಡಿದ್ರೆ ಮರಳು," ಅನ್ನುತ್ತಿದ್ದರು.

ಅದೂ ನಿಜವೇ. ಅಟ್ಲಾಂಟಿಸ್ ಊರನ್ನು ಕಟ್ಟಿರುವುದೇ ಮರಳಿನ ಮೇಲೆ. ಗಾಳಿ ಎದ್ದರೆ ಬಾಗಿಲ ಸಂದಿಯಿಂದ ಮರಳು, ಹಾಸಿಗೆಯಲ್ಲಿ ಮರಳು, ಬ್ರೆಡ್ಡು ಕಚ್ಚಿದರೆ ಹಲ್ಲಿಗೆ ಮರಳು. ಕಿಟಕಿಯಿಂದ ಕಾಣುವುದು ಮನೆಯ ಮುಂದಿನ ಬೋಳು ಅಂಗಳ, ಬಾಗಿಲಿಂದ ಗೇಟಿನವರೆಗೆ ಒಂದು ಸಿಮೆಂಟಿನ ದಾರಿ, ಆಮೇಲೆ ಬೀದಿ. ಅಷ್ಟೇ.

ಏಪ್ರಿಲ್‌ನ ಒಂದು ಸಂಜೆ ಓಮಾ ಚಹಾ ಕುಡಿಯುತ್ತ ಹೇಳಿದರು, "ಎಪ್ಪತ್ತೆರಡು ವರ್ಷ ಆಯ್ತು, ಲಿಯೋನಿ. ಒಂದು ಆಗಸ್ಟೂ ಹೂ ನೋಡದೆ ಇದ್ದಿಲ್ಲ. ಬೆಟ್ಟ ಪೂರ್ತಿ ಕಿತ್ತಳೆ ಆಗಿರತ್ತೆ. ಈ ವರ್ಷ ಇಲ್ಲ ಅಷ್ಟೆ."

ಹೇಳಿ ಕಪ್ಪಿನೊಳಗೆ ನೋಡತೊಡಗಿದರು. ಅವರ ಕಣ್ಣು ತುಂಬಿತ್ತು. ಓಮಾ ಅಳುವುದನ್ನು ಲಿಯೋನಿ ಅದುವರೆಗೆ ನೋಡಿರಲಿಲ್ಲ. ಸೊಂಟ ಮುರಿದಾಗಲೂ ಅವರು ಡಾಕ್ಟರನ್ನು ಬೈದಿದ್ದರೇ ಹೊರತು ಅತ್ತಿರಲಿಲ್ಲ. ಲಿಯೋನಿಗೆ ಏನಾದರೂ ಹೇಳಲೇಬೇಕು ಅನ್ನಿಸಿತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟಳು.

"ಹೂವೇ ಇಲ್ಲಿಗೆ ಬರ್ತವೆ ಓಮಾ. ಓಮಾ ಕೂತಲ್ಲಿಂದ್ಲೇ ನೋಡ್ಬಹುದು. ಪ್ರಾಮಿಸ್."

ಅವರ ಮನೆಗಳಲ್ಲಿ ಹಿರಿಯರಿಗೆ 'ನೀನು' ಅನ್ನುವುದಿರಲಿ, 'ನೀವು' ಅಂತಲೂ ಯಾರೂ ಅನ್ನುವುದಿಲ್ಲ. ಓಮಾಗೆ ಹೇಳುವಾಗಲೂ ಓಮಾ ಅಂತಲೇ ಅನ್ನಬೇಕು. ಹಾಗಾಗಿ ಲಿಯೋನಿ ಓಮಾ ಹತ್ತಿರ ಐದು ನಿಮಿಷ ಮಾತಾಡಿದರೆ ಅದರಲ್ಲಿ ಐವತ್ತು ಓಮಾ ಇರುತ್ತಿದ್ದವು.

ಮಮ್ಮಾ ಅಡುಗೆಮನೆಯಿಂದ ಎಲ್ಲ ಕೇಳಿಸಿಕೊಂಡಿದ್ದಳು. ಆಮೇಲೆ ಲಿಯೋನಿಯನ್ನು ಒಳಗೆ ಕರೆದು ಮೆಲ್ಲಗೆ ಗದರಿದಳು. ಮನಸ್ಸು ನೊಂದವರಿಗೆ ಮಾತು ಕೊಟ್ಟು ತಪ್ಪಿದರೆ, ಕೊಡದೇ ಇದ್ದದ್ದಕ್ಕಿಂತ ಹೆಚ್ಚು ನೋವಾಗುತ್ತದೆ ಅಂದಳು. "ಈಗ ಹೇಳಿದೀಯ ತಾನೆ, ಮಾಡಿ ತೋರಿಸು."

ಅದಕ್ಕೇ ಹುಟ್ಟುಹಬ್ಬದ ದುಡ್ಡೆಲ್ಲ ಊಮ್ ಸ್ಟೊಫಲ್ ಜೇಬು ಸೇರಿತು.

ನೆಡುವ ಕೆಲಸ ಲಿಯೋನಿ ಅಂದುಕೊಂಡಷ್ಟು ಸುಲಭವಾಗಿರಲಿಲ್ಲ. ಮೊದಲು ನೆಗ್ಗಿನ ಮುಳ್ಳುಗಳನ್ನು ಕೀಳಬೇಕಿತ್ತು. ಅವು ಕೀಳುವವರ ಕೈಗೇ ಮೊದಲು ಚುಚ್ಚುತ್ತವೆ. ಆಮೇಲೆ ಬೀಜ. ಹಿಡಿ ಮರಳಿನಲ್ಲಿ ಬೆರೆಸಿ ಎರಚು, ಮೇಲೆ ಹಲಗೆ ಇಟ್ಟು ತುಳಿ ಅಂತ ಊಮ್ ಸ್ಟೊಫಲ್ ಹೇಳಿಕೊಟ್ಟಿದ್ದರು. ಲಿಯೋನಿ ಮರಳು ಬೆರೆಸುವುದನ್ನು ಮರೆತಳು. ಎರಚಿದ್ದೇ ತಡ, ಗಾಳಿ ಬೀಸಿತು. ಅರ್ಧ ಬೀಜ ಬೇಲಿ ಹಾರಿ ಪಕ್ಕದ ಮನೆಯ ಖದೀಜಾ ಆಂಟಿಯ ಅಂಗಳಕ್ಕೆ ಹೋಯಿತು.

ಖದೀಜಾ ಆಂಟಿ ಆಗ ತಾನೇ ಗುಡಿಸಿ ನಿಂತಿದ್ದರು. ಅವರು ಸೊಂಟದ ಮೇಲೆ ಕೈಯಿಟ್ಟು ಬೇಲಿಯಾಚೆಯಿಂದಲೇ ಕೇಳಿದರು, "ಏನೇ ಇದು, ನಮ್ಮನೇಲಿ ಹೊಟ್ಟಿಗೆ ಬರ ಬಂದಿದೆ ಅಂತ ಕಳಿಸ್ತಿದ್ದೀಯಾ?"

ಹೂವಿನ ಬೀಜ ಅಂತ ಹೇಳಿದ ಮೇಲೆ ಅವರಿಗೆ ಇನ್ನೂ ನಗು ಬಂತು. ಮೂವತ್ತು ವರ್ಷದಿಂದ ಈ ಬೀದಿಯಲ್ಲಿದ್ದೇನೆ, ಇಲ್ಲಿ ಬೆಳೆಯೋದು ಎರಡೇ, ಮರಳು ಮತ್ತು ಮಕ್ಕಳು ಅಂದರು. ಆದರೂ ಸಂಜೆಗೆ ಒಂದು ಚೀಲ ಕೋಳಿ ಗೊಬ್ಬರ ಹೊತ್ತು ತಂದರು. ಗೊಬ್ಬರ ಹಾಕಿದರೆ ಬರೀ ಎಲೆ ಬರುತ್ತೆ, ಹೂ ಬರಲ್ಲ ಅಂತ ಊಮ್ ಸ್ಟೊಫಲ್ ಹೇಳಿದ್ದರಿಂದ ಲಿಯೋನಿ ಬೇಡ ಅಂದಳು. ಆಂಟಿ ಎರಡು ದಿನ ಮಾತು ಬಿಟ್ಟರು. ಮೂರನೇ ದಿನ ಭಾನುವಾರ. ಪಾಕದಲ್ಲಿ ಅದ್ದಿ ಕೊಬ್ಬರಿ ತುರಿ ಉದುರಿಸಿದ ಬಿಸಿ ಬಿಸಿ ಕರಿದ ಉಂಡೆಗಳನ್ನು ಎಂದಿನಂತೆ ತಂದುಕೊಟ್ಟರು. ಭಾನುವಾರ ಬೆಳಿಗ್ಗೆ ಸಿಹಿ ಹಂಚದಿರುವಷ್ಟು ಕೋಪ ಅವರಿಗೆ ಯಾರ ಮೇಲೂ ಬರುವುದಿಲ್ಲ.

ಫೇಕಿ ಕಡ್ಡಿಗಳದ್ದು ಬೇರೆಯೇ ಕತೆ. ಅವನ್ನು ಕತ್ತರಿಸಿದ ಕೂಡಲೇ ನೆಟ್ಟರೆ ಕೊಳೆಯುತ್ತವೆ. ನೆರಳಲ್ಲಿ ಎರಡು ದಿನ ಗಾಯ ಒಣಗಬೇಕು. ಲಿಯೋನಿ ಅವನ್ನು ಫ್ರಿಜ್ ಮೇಲೆ ಇಟ್ಟಿದ್ದಳು. ಫ್ಯಾಕ್ಟರಿಯಿಂದ ದಣಿದು ಬಂದ ಮಮ್ಮಾ ಅದನ್ನು ಯಾವುದೋ ಸೊಪ್ಪು ಅಂದುಕೊಂಡು ತೊಳೆದು ಈರುಳ್ಳಿಯ ಪಕ್ಕ ಇಟ್ಟಳು. ಲಿಯೋನಿ ಓಡಿ ಬಂದು ಹಿಡಿದುಕೊಳ್ಳದಿದ್ದರೆ ಓಮಾಗೆ ಕೊಟ್ಟ ಮಾತು ಆ ರಾತ್ರಿ ಒಗ್ಗರಣೆಗೆ ಬೀಳುತ್ತಿತ್ತು.

ಇಷ್ಟೆಲ್ಲ ನಡೆಯುವಾಗ ಓಮಾ ಕಿಟಕಿಯ ಹಿಂದೆ ಕೂತು ನೋಡುತ್ತಿದ್ದರು. ಕೆಲವೊಮ್ಮೆ ಉಂಗುರದಿಂದ ಗಾಜಿನ ಮೇಲೆ ಟಕ್ ಟಕ್ ಅನ್ನಿಸಿ, ಬಿಟ್ಟುಹೋದ ಮುಳ್ಳಿನ ಕಡೆ ಬೆರಳು ತೋರಿಸುತ್ತಿದ್ದರು. ಲಿಯೋನಿ ಮೊದಲ ಗಜಾನಿಯಾವನ್ನು ಕಿಟಕಿಯ ನೇರ ಕೆಳಗೆ ಇಟ್ಟ ದಿನ ಓಮಾ ಏನೋ ಹೇಳಲು ಬಾಯಿ ತೆರೆದರು. ಬೀದಿಯ ಮೇಲೆ ನಿಂತಿದ್ದ ಸೂರ್ಯನನ್ನು ನೋಡಿದರು, ಗಿಡವನ್ನು ನೋಡಿದರು, ಬಾಯಿ ಮುಚ್ಚಿಕೊಂಡರು. ಆಮೇಲೆ ಸ್ವಲ್ಪ ಚಹಾ ಸಿಗಬಹುದೇ ಅಂತ ಕೇಳಿದರು.

ಜೂನ್‌ನಲ್ಲಿ ಮಳೆ ಶುರುವಾಯಿತು. ವಾರಗಟ್ಟಲೆ ಬೂದು ಆಕಾಶ, ಒದ್ದೆ ಸಾಕ್ಸು, ಕ್ಲಾಸಿನಲ್ಲಿ ಎಲ್ಲರಿಗೂ ನೆಗಡಿ. ಆದರೆ ಅಂಗಳದಲ್ಲಿ ಹಸಿರು ಚುಕ್ಕೆಗಳು ಎದ್ದವು. ಚುಕ್ಕೆಗಳು ತೇಪೆಗಳಾದವು, ತೇಪೆಗಳು ಕೈ ಕೈ ಹಿಡಿದು ಹರಡಿಕೊಂಡವು. ಜುಲೈ ಕೊನೆಯ ಹೊತ್ತಿಗೆ ಮರಳೇ ಕಾಣದ ಹಾಗೆ ಅಂಗಳಕ್ಕೆ ಚಾಪೆ ಹಾಸಿದಂತಾಯಿತು. ಒಂದು ಬೆಳಿಗ್ಗೆ ಮಮ್ಮಾ ಪೊರಕೆ ಹಿಡಿದು ಬಾಗಿಲ ಹತ್ತಿರ ನಿಂತು, ಗುಡಿಸೋಕೆ ಏನೂ ಇಲ್ವಲ್ಲ ಅಂತ ಆಶ್ಚರ್ಯಪಟ್ಟಳು. ಚಾಪೆ ಮರಳನ್ನು ಅಲ್ಲೇ ಹಿಡಿದು ಕೂರಿಸಿತ್ತು.

ಲಿಯೋನಿಗೆ ಅದು ಬೇಕಾಗಿರಲಿಲ್ಲ. ಅವಳಿಗೆ ಬೇಕಾದದ್ದು ಹೂ. ದಿನಾ ಸ್ಕೂಲಿಗೆ ಹೋಗುವ ಮುಂಚೆ ಮಂಡಿಯೂರಿ ಮೊಗ್ಗು ಎಣಿಸುತ್ತಿದ್ದಳು. ನೀರು ಹಾಕುವುದನ್ನು ಅವಳು ಒಂದು ದಿನವೂ ಮರೆತಿರಲಿಲ್ಲ. ಮಳೆ ಬಂದ ದಿನವೂ ಒಂದು ಮಗ್ ಹಾಕಿ ಹೋಗುತ್ತಿದ್ದಳು, ಸುಮ್ಮನೆ ಮರ್ಯಾದೆಗೆ.

ಆಗಸ್ಟ್ ಎರಡನೇ ವಾರ, ಒಂದು ಸೋಮವಾರ. ಸ್ಕೂಲು ಬಿಟ್ಟು ಎರಡೂವರೆಗೆ ಬೀದಿಯ ತಿರುವು ದಾಟಿದ ಲಿಯೋನಿ ಗೇಟಿನ ಹತ್ತಿರ ಬಂದು ನಿಂತುಬಿಟ್ಟಳು. ಬೆಳಿಗ್ಗೆ ಮುಷ್ಟಿ ಹಿಡಿದುಕೊಂಡಿದ್ದ ಮೊಗ್ಗುಗಳೆಲ್ಲ ಬಾಯಿ ಬಿಟ್ಟಿದ್ದವು. ಇಡೀ ಅಂಗಳ ಕಿತ್ತಳೆ. ನಡುವೆ ಗಜಾನಿಯಾದ ಹಳದಿ ಪಟ್ಟಿ, ಅಂಚಿನಲ್ಲಿ ಫೇಕಿಯ ಕಡು ಗುಲಾಬಿ. ಒಂದೊಂದು ಹೂವೂ ಅವಳನ್ನೇ ನೋಡುತ್ತಿತ್ತು.

ಬ್ಯಾಗು ಗೇಟಿನಲ್ಲೇ ಬಿತ್ತು. ಅವಳು ಒಳಗೆ ಓಡಿದಳು.

"ಓಮಾ, ಓಮಾ ನೋಡಿದ್ರಾ?"

"ನೋಡ್ದೆ, ನೋಡ್ದೆ," ಅಂದರು ಓಮಾ, ಚಹಾಕ್ಕೆ ಸಕ್ಕರೆ ಕಲಕುತ್ತ.

ಓಮಾ ಕುಣಿಯಲಿ ಅಂತ ಅವಳೇನೂ ಕಾದಿರಲಿಲ್ಲ. ಆದರೂ ಇಷ್ಟೇನಾ ಅನ್ನಿಸಿತು. ಎಪ್ಪತ್ತೆರಡು ವರ್ಷದಲ್ಲಿ ಓಮಾ ಇದಕ್ಕಿಂತ ದೊಡ್ಡ ಹೂವಿನ ಬೆಟ್ಟ ನೋಡಿದ್ದಾರೆ, ಅದಕ್ಕೇ ಇರಬೇಕು ಅಂದುಕೊಂಡಳು. ಮಂಗಳವಾರವೂ ಕೇಳಿದಳು. ನೋಡ್ದೆ, ನೋಡ್ದೆ. ಬುಧವಾರವೂ ಅಷ್ಟೆ. ಬೀದಿಯಲ್ಲಿ ಹೋಗುವವರು ಗೇಟಿನ ಹತ್ತಿರ ನಿಂತು ನೋಡಿ ಹೋಗುತ್ತಿದ್ದರು. ಒಬ್ಬ ಟ್ಯಾಕ್ಸಿ ಡ್ರೈವರ್ ಗಾಡಿಯನ್ನೇ ನಿಧಾನ ಮಾಡಿದ. ಗಾಳಿಗೆ ಹಾರಿದ್ದ ಬೀಜಗಳು ಖದೀಜಾ ಆಂಟಿಯ ಅಂಗಳದ ಸಿಮೆಂಟಿನ ಬಿರುಕುಗಳಲ್ಲೂ ಹೂ ಬಿಟ್ಟಿದ್ದವು. ಅವನ್ನು ತುಳಿಯಬಾರದು ಅಂತ ಆಂಟಿ ಅಂಗಳದಲ್ಲೇ ಕುಂಟೆಬಿಲ್ಲೆ ಆಡುವವರ ಹಾಗೆ ನಡೆಯುತ್ತಿದ್ದರು. ಲಿಯೋನಿಗೆ ನೆಲದ ಮೇಲೆ ಕಾಲೇ ನಿಲ್ಲುತ್ತಿರಲಿಲ್ಲ.

ಶನಿವಾರ ಬಂತು. ಮಮ್ಮಾಗೆ ಅವತ್ತೂ ಫ್ಯಾಕ್ಟರಿ ಇತ್ತು. ಬೆಳಿಗ್ಗೆ ಹನ್ನೊಂದಕ್ಕೆ ಲಿಯೋನಿ ಎರಡು ಕಪ್ ಚಹಾ ಮಾಡಿಕೊಂಡು, ಒಂದು ಸ್ಟೂಲ್ ಎಳೆದು, ಓಮಾ ಪಕ್ಕದಲ್ಲಿ ಕೂತಳು. ಇವತ್ತು ಓಮಾ ಜೊತೆಯಲ್ಲೇ ಕೂತು ನೋಡಬೇಕು ಅಂತ ಅವಳ ಆಸೆ. ತಲೆಯನ್ನು ಓಮಾ ತಲೆಯ ಎತ್ತರಕ್ಕೆ ಇಳಿಸಿ ಕಿಟಕಿಯಿಂದ ಹೊರಗೆ ನೋಡಿದಳು.

ಹೊರಗೆ ಕಿತ್ತಳೆ ಇರಲಿಲ್ಲ.

ಕಂಡದ್ದು ಹಸಿರು ದಂಟುಗಳು. ದಂಟುಗಳ ತುದಿಯಲ್ಲಿ ಮಾಸಿದ ಕಂದು ಬಣ್ಣದ ಹಿಂಭಾಗಗಳು. ಎಲ್ಲ ಹೂಗಳೂ ಬೀದಿಯ ಕಡೆ, ಸೂರ್ಯನ ಕಡೆ ಮುಖ ಮಾಡಿ ಕಿಟಕಿಗೆ ಬೆನ್ನು ತೋರಿಸಿ ನಿಂತಿದ್ದವು. ಮದುವೆಯಲ್ಲಿ ಕೊನೆಯ ಸಾಲಿನಲ್ಲಿ ಕೂತವರಿಗೆ ಬರೀ ತಲೆಗಳ ಹಿಂಭಾಗ ಕಾಣುತ್ತದಲ್ಲ, ಹಾಗೆ.

ಲಿಯೋನಿ ಎದ್ದು ನೋಡಿದಳು, ಕೂತು ನೋಡಿದಳು, ಕತ್ತು ವಾಲಿಸಿ ನೋಡಿದಳು. ಬೆನ್ನೇ. ಈ ಐದು ದಿನವೂ ಅವಳು ಹೂ ನೋಡಿದ್ದು ಗೇಟಿನಿಂದ. ಒಳಗೆ ಓಡಿ ಬಂದು ಓಮಾ ಮುಖ ನೋಡಿದ್ದಳೇ ಹೊರತು ಕಿಟಕಿಯ ಹೊರಗೆ ಒಂದು ಸಲವೂ ನೋಡಿರಲಿಲ್ಲ. ಬೀದಿಯವರು ನೋಡಿದರು, ಟ್ಯಾಕ್ಸಿಯವನು ನೋಡಿದ. ಓಮಾಗೆ ಮಾತ್ರ ಏನೂ ಕಾಣಲಿಲ್ಲ. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತಲ್ಲ ಅಂತ ಅವಳಿಗೆ ಅನ್ನಿಸಿತು.

ಓಮಾ ಅವಳ ಕಡೆ ತಿರುಗಿ ಏನೋ ಹೇಳಲು ಹೊರಟರು. ಲಿಯೋನಿ ಕಾಯಲಿಲ್ಲ. ಚಹಾ ಕಪ್ಪನ್ನು ಅಲ್ಲೇ ಬಿಟ್ಟು ಹೊರಗೆ ಓಡಿದಳು.

ಮೊದಲು ಒಂದು ಹೂವನ್ನು ಹಿಡಿದು ಮೆಲ್ಲಗೆ ಕಿಟಕಿಯ ಕಡೆ ತಿರುಗಿಸಿದಳು. ಕೈ ಬಿಟ್ಟ ತಕ್ಷಣ ಅದು ಮತ್ತೆ ಸೂರ್ಯನ ಕಡೆ ವಾಲಿತು. ಇನ್ನೊಂದನ್ನು ಸ್ವಲ್ಪ ಜೋರಾಗಿ ತಿರುಗಿಸಿದಳು. ಅದು ಕತ್ತು ಮುರಿದುಕೊಂಡಿತು. ಈಗ ಅವಳಿಗೆ ಅಳು ನಿಲ್ಲಲಿಲ್ಲ. ಗೋಡೆಗೆ ಒರಗಿಸಿದ್ದ ಕೈಗುದ್ದಲಿ ತಂದು, ಕಿಟಕಿಯ ಕೆಳಗಿನ ಮೊದಲ ಗಜಾನಿಯಾದ ಬುಡಕ್ಕೆ ಇಟ್ಟಳು. ಎಲ್ಲವನ್ನೂ ಕಿತ್ತು ತಿರುಗಿಸಿ ನೆಡುತ್ತೇನೆ ಅಂತ ಅವಳ ಯೋಚನೆ. ತಿರುಗಿಸಿ ನೆಟ್ಟರೂ ಹೂ ಸೂರ್ಯನ ಕಡೆಗೇ ತಿರುಗುತ್ತದೆ ಅಂತ ಆ ಹೊತ್ತಿನಲ್ಲಿ ಅವಳಿಗೆ ಹೊಳೆಯಲಿಲ್ಲ.

ಗಾಜಿನ ಮೇಲೆ ಟಕ್ ಟಕ್ ಸದ್ದಾಯಿತು. ಅವಳು ತಲೆ ಎತ್ತಲಿಲ್ಲ. ಸದ್ದು ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಮುಂಬಾಗಿಲು ಕಿರ್ರೆಂದಿತು.

ಓಮಾ ಹೊಸ್ತಿಲ ಮೇಲೆ ನಿಂತಿದ್ದರು. ಎರಡೂ ಕೈಯಲ್ಲಿ ವಾಕರ್. ಅದರ ಮೇಲೆ ಟವೆಲ್ ಇರಲಿಲ್ಲ. ಜೊತೆಗೆ ಯಾರೂ ಇರಲಿಲ್ಲ.

"ಆ ಗಿಡಕ್ಕೆ ಕೈ ಹಚ್ಚಿದ್ರೆ ನೋಡು," ಅಂದರು.

ಲಿಯೋನಿ ಕೈಗುದ್ದಲಿ ಹಿಡಿದುಕೊಂಡೇ ಬಾಯಿ ಬಿಟ್ಟು ನೋಡಿದಳು. ಓಮಾ ವಾಕರನ್ನು ಮುಂದಿಟ್ಟರು, ಒಂದು ಕಾಲು ಇಟ್ಟರು, ಇನ್ನೊಂದು ಎಳೆದರು. ಮೆಟ್ಟಿಲು ಇಳಿದರು. ಹೆದರಿದವರ ಹಾಗೆ ಅಲ್ಲ, ದಿನಾ ಮಾಡುವ ಕೆಲಸ ಮಾಡುವವರ ಹಾಗೆ.

ಅಷ್ಟರಲ್ಲಿ ಬೇಲಿಯಾಚೆ ಖದೀಜಾ ಆಂಟಿ ತಲೆ ಹಾಕಿದರು. ಓಮಾ ಹೊರಗೆ ನಿಂತಿರುವುದನ್ನು ನೋಡಿ ಅವರು ಗಾಬರಿಯಾಗಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡವರ ಹಾಗೆ, "ನಾನೇನೂ ಹೇಳಿಲ್ಲ ದ್ರಿಕಾ, ಅಲ್ಲಾಹನಾಣೆ," ಅಂದರು.

"ಏನು ಹೇಳಿಲ್ಲ?" ಕೇಳಿದಳು ಲಿಯೋನಿ.

ಆಗ ಎಲ್ಲ ಹೊರಗೆ ಬಂತು. ಲಿಯೋನಿ ಸ್ಕೂಲಿಗೆ, ಮಮ್ಮಾ ಫ್ಯಾಕ್ಟರಿಗೆ ಹೋದ ಮೇಲೆ, ದಿನಾ ಹನ್ನೊಂದು ಗಂಟೆಗೆ ಆಂಟಿ ಬರುತ್ತಿದ್ದರಂತೆ. ಓಮಾರನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದರಂತೆ. ಮೊದಲ ವಾರ ಮಂಚದವರೆಗೆ. ಆಮೇಲೆ ಬಾಗಿಲವರೆಗೆ. ಮಳೆಯ ಒಂದು ತಿಂಗಳು ಪೂರ್ತಿ ಕೋಣೆಯೊಳಗೇ ಸುತ್ತು. ಓಮಾ ಬೈಯುತ್ತಿದ್ದ ಬೈಗುಳಗಳಲ್ಲಿ ಅರ್ಧ ತನಗೆ ಗೊತ್ತೇ ಇರಲಿಲ್ಲ, ಈಗ ಕಲಿತೆ ಅಂದರು ಆಂಟಿ. ಓಮಾ ಕಾಲು ಸರಿಹೋಯಿತು, ತನ್ನ ಮಂಡಿ ಸವೆದುಹೋಯಿತು ಅಂತಲೂ ಸೇರಿಸಿದರು.

ಲಿಯೋನಿ ಓಮಾ ಕಡೆ ತಿರುಗಿದಳು. "ಹೂ ಬೆನ್ನು ತೋರಿಸ್ತವೆ ಅಂತ ಓಮಾಗೆ ಗೊತ್ತಿತ್ತಾ?"

"ಹೂವಿನ ಸೀಮೇಲಿ ಹುಟ್ಟಿದೋಳು ನಾನು. ಸೂರ್ಯನಿಗೆ ಬೆನ್ನು ಕೊಡು, ಹೂ ನಿಂಗೆ ಮುಖ ಕೊಡತ್ತೆ. ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸೋದೇ ಅದು."

"ಮತ್ತೆ ಓಮಾ ನೋಡ್ದೆ ನೋಡ್ದೆ ಅಂತಿದ್ರಿ?"

"ಬೆನ್ನು ನೋಡ್ದೆ. ಅದೂ ಹೂವಿಂದೇ ತಾನೆ?"

ಲಿಯೋನಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಆದರೂ ಕೋಪ ಪೂರ್ತಿ ಹೋಗಿರಲಿಲ್ಲ. ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದಳು. ಹೇಳಿದ್ದರೆ ಬೇರೆ ಏನಾದರೂ ಮಾಡುತ್ತಿದ್ದಳು.

ಓಮಾ ವಾಕರಿನ ಮೇಲೆ ಭಾರ ಬಿಟ್ಟು ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು.

"ಹೇಳ್ಬೇಕು ಅಂತಲೇ ಇದ್ದೆ. ಆವತ್ತು ನೀನು ಮೊದಲನೇ ಗಿಡ ಇಟ್ಯಲ್ಲ, ಆಗ. ಆಮೇಲೆ ನೋಡ್ದೆ, ಗೇಟ್ ಹತ್ರ ನಿಂತ್ರೆ ಎಲ್ಲ ಕಾಣತ್ತೆ. ಬಾಗಿಲಿಂದ ಗೇಟಿಗೆ ಹದಿನಾಲ್ಕು ಹೆಜ್ಜೆ. ಹೂ ಬರೋಕೆ ಇನ್ನೂ ನಾಲ್ಕು ತಿಂಗಳಿದೆ. ಈ ಮನೇಗೆ ಬಂದ ಮೇಲೆ ಮೊದಲನೇ ಸಲ ನಂಗೆ ಹೋಗೋಕೆ ಒಂದು ಜಾಗ ಸಿಕ್ತು, ಮಗಳೇ. ಅದನ್ನ ನಾನ್ಯಾಕೆ ಕಳಕೊಳ್ಳಲಿ?"

ಲಿಯೋನಿ ಕಿಟಕಿಯ ಕಡೆ ನೋಡಿದಳು. ತಾನು ಮಂಡಿಯೂರಿ ಮೊಗ್ಗು ಎಣಿಸುತ್ತಿದ್ದ ದಿನಗಳಲ್ಲೇ, ಕಿಟಕಿಯ ಒಳಗೆ ಓಮಾ ಹೆಜ್ಜೆ ಎಣಿಸುತ್ತಿದ್ದರು. ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಒಂದೇ ದಿನಕ್ಕಾಗಿ ಕಾಯುತ್ತಿದ್ದರು.

"ಹಾಗಾದ್ರೆ ಓಮಾ ಗೇಟಿಂದ ನೋಡಿ ಆಯ್ತಾ?" ಅವಳ ದನಿ ಸಣ್ಣದಾಯಿತು.

ಖದೀಜಾ ಆಂಟಿ ಬೇಲಿಯಾಚೆಯಿಂದ ತಲೆ ಅಲ್ಲಾಡಿಸಿದರು. "ಎಲ್ಲಿ ಒಪ್ತಾಳೆ? ಸೋಮವಾರದಿಂದ ದಿನಾ ಹನ್ನೊಂದನೇ ಹೆಜ್ಜೆಗೆ ನಿಲ್ತಾಳೆ. ಹೂವಿನ ಮುಖ ಕಾಣಬಾರ್ದು ಅಂತ ಕಣ್ಣು ಮುಚ್ಕೊಂಡೇ ತಿರುಗಿ ವಾಪಸ್ ಬರ್ತಾಳೆ. ಇನ್ನು ಮೂರೇ ಹೆಜ್ಜೆ, ಬಾರೇ ಅಂದ್ರೂ ಕೇಳಲ್ಲ."

"ಆ ಮೂರು ನಿನ್ ಜೊತೆ ಅಂತ ಇಟ್ಕೊಂಡಿದ್ದೆ," ಅಂದರು ಓಮಾ ಲಿಯೋನಿಗೆ. "ಆ ಗುದ್ದಲಿ ಬಿಟ್ಟು ಬರ್ತೀಯಾ, ಇಲ್ಲ ನಾನೊಬ್ಳೇ ಹೋಗ್ಲಾ?"

ಲಿಯೋನಿ ಕೈಗುದ್ದಲಿಯನ್ನು ಅಲ್ಲೇ ಬಿಟ್ಟಳು. ಮೂಗು ಒರೆಸಿಕೊಂಡು ಓಮಾ ಪಕ್ಕಕ್ಕೆ ಬಂದಳು. ಹಿಡಿದುಕೊಳ್ಳಲೇ ಅಂತ ಕೇಳಿದ್ದಕ್ಕೆ ಓಮಾ ಬೇಡ, ಪಕ್ಕದಲ್ಲಿರು ಸಾಕು ಅಂದರು.

ಸಿಮೆಂಟಿನ ದಾರಿಯ ಎರಡೂ ಬದಿಯಲ್ಲಿ ಹೂಗಳು ಅವರಿಗೆ ಬೆನ್ನು ಹಾಕಿ ನಿಂತಿದ್ದವು. ವಾಕರ್ ಟಕ್ ಅಂದಿತು, ಓಮಾ ಚಪ್ಪಲಿ ಸರ್ ಅಂದಿತು. ಏಳು, ಎಂಟು. ಒಂಬತ್ತಕ್ಕೆ ಓಮಾ ಹಣೆಯಲ್ಲಿ ಬೆವರು ಕಂಡಿತು. ಹನ್ನೊಂದಕ್ಕೆ ನಿಂತರು. ಲಿಯೋನಿ ಉಸಿರು ಹಿಡಿದಳು. ಓಮಾ ಬಾಯೊಳಗೇ ಒಂದು ಬೈಗುಳ ಬೈದು ಮತ್ತೆ ವಾಕರ್ ಎತ್ತಿ ಮುಂದಿಟ್ಟರು.

ಹನ್ನೆರಡು. ಹದಿಮೂರು. ಹದಿನಾಲ್ಕು.

ಗೇಟು ಮುಟ್ಟಿ ಇಬ್ಬರೂ ತಿರುಗಿದರು. ಬೆನ್ನಿಗೆ ಬಿಸಿಲು ಬಿತ್ತು. ಎದುರಿಗೆ, ಬಾಗಿಲ ಮೆಟ್ಟಿಲಿನಿಂದ ಬೇಲಿಯವರೆಗೆ, ಪ್ರತಿಯೊಂದು ಹೂವೂ ಅವರಿಗೆ ಮುಖ ಮಾಡಿತ್ತು.

 ಓಮಾ ಅತ್ತರು, ಆಮೇಲೆ ನಕ್ಕರು, ಆಮೇಲೆ ಎರಡನ್ನೂ ಒಟ್ಟಿಗೆ ಮಾಡಿದರು. ಲಿಯೋನಿಯ ನೆರಳು ಹೂಗಳ ಮೇಲೆ ಬಿದ್ದಿತ್ತು. ಸ್ವಲ್ಪ ಪಕ್ಕಕ್ಕೆ ಸರಿ, ಅವುಗಳ ಬಿಸಿಲಿಗೆ ಅಡ್ಡ ನಿಲ್ಲಬೇಡ ಅಂತ ಗದರಿದರು. ಲಿಯೋನಿ ಸಂತೋಷದಿಂದ ಗದರಿಸಿಕೊಂಡು ಸರಿದಳು.

"ನಮ್ ಬೆಟ್ಟದಷ್ಟಿಲ್ಲ," ಅಂದರು ಓಮಾ ಕೊನೆಗೆ. ಮತ್ತೆ ಸ್ವಲ್ಪ ನೋಡಿ ಹೇಳಿದರು, "ಆದ್ರೆ ಬಣ್ಣ ಅದೇ."

ಖದೀಜಾ ಆಂಟಿ ಒಂದು ಕುರ್ಚಿ ಹೊತ್ತು ತಂದು ಗೇಟಿನ ಹತ್ತಿರ ಹಾಕಿದರು. ಓಮಾ ಕೂತರು. ಬೀದಿಯಲ್ಲಿ ಹೋಗುತ್ತಿದ್ದವರು ನಿಂತು, ಇವರೇನಾ ಕಿಟಕಿಯ ಓಮಾ ಅಂತ ಮಾತಾಡಿಸಿದರು. ಓಮಾ ಒಬ್ಬೊಬ್ಬರಿಗೂ ಯಾವುದು ಗಜಾನಿಯಾ, ಯಾವುದು ಫೇಕಿ ಅಂತ ಪಾಠ ಹೇಳಿದರು. ಆಮೇಲೆ ಅವರ ಕಣ್ಣು ಬೀದಿಯ ಉದ್ದಕ್ಕೂ ಹೋಯಿತು. ಐದು ತಿಂಗಳಿಂದ ಈ ಬೀದಿಯಲ್ಲಿದ್ದರೂ ಅವರು ಅದನ್ನು ಸರಿಯಾಗಿ ನೋಡಿರಲಿಲ್ಲ.

"ಆ ತಿರುವಲ್ಲಿ ಏನಿದೆ?" ಕೇಳಿದರು.

ಒಂದು ಅಂಗಡಿ ಇದೆ, ಅಲ್ಲಿ ಬ್ರೆಡ್ಡು, ಮೊಬೈಲಿನ ಏರ್‌ಟೈಮು, ಐಸ್ ಕ್ಯಾಂಡಿ ಸಿಗುತ್ತೆ ಅಂದಳು ಲಿಯೋನಿ. ಅಂಗಡಿಯ ಮುಂದೆ ಉದ್ದಕ್ಕೆ ಒಂದು ಪಟ್ಟಿ ಖಾಲಿ ಮರಳಿದೆ, ಅಲ್ಲಿ ಯಾರೂ ಏನೂ ಬೆಳೆಸಿಲ್ಲ.

ಹೇಳುತ್ತ ಹೇಳುತ್ತ ಅವಳು ಆ ಕಡೆ ನೋಡಿದಳು. ಆ ಜಾಗಕ್ಕೂ ಇಡೀ ದಿನ ಬಿಸಿಲು. ಇಲ್ಲಿಂದ ಅಲ್ಲಿಗೆ ಓಮಾ ಹೆಜ್ಜೆಯಲ್ಲಿ ನೂರಿಪ್ಪತ್ತು ಆಗಬಹುದು. ಏಪ್ರಿಲ್‌ಗೆ ಇನ್ನೂ ಎಂಟು ತಿಂಗಳಿತ್ತು. ಬೀಜಕ್ಕೆ ಈ ಸಲ ಮರಳು ಬೆರೆಸುವುದನ್ನು ಮರೆಯಬಾರದು ಅಂದುಕೊಂಡಳು. ಓಮಾಗೆ ಏನೂ ಹೇಳಲಿಲ್ಲ.